650 ಅಡಿಯ ಲೆಕ್ಕ ಮತ್ತು ಗೇಟಿನ ಹೊರಗೆ ಕೂತಿದ್ದ ಹುಡುಗ

ಹೋದ ತಿಂಗಳು ಬೀದಿಯ ಹೆಂಗಸೊಬ್ಬರು ಸಹಿ ಕೇಳಿಕೊಂಡು ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಹಾಳೆ. ನಮ್ಮ ಊರಿನ ಸಿಟಿ ಕೌನ್ಸಿಲ್ಲಿಗೆ ಮನವಿ. ಸೋಬರ್ ಲಿವಿಂಗ್ ಮನೆಗಳಿಗೆ ಕಡಿವಾಣ ಹಾಕಿ, ಪಕ್ಕದ ಕೋಸ್ಟಾ ಮೆಸಾದಲ್ಲಿ ಇರೋ ಹಾಗೆ ಅಂಥ ಎರಡು ಮನೆಗಳ ನಡುವೆ 650 ಅಡಿ ಅಂತರ ಇರಲೇಬೇಕು ಅಂತ ನಿಯಮ ಮಾಡಿ, ಅನ್ನೋದು ಬೇಡಿಕೆ. ನಾನು ತಕ್ಷಣ ಸಹಿ ಹಾಕಲಿಲ್ಲ. ಒಂದು ವಾರ ಕೊಡಿ ಅಂದೆ.

ನಾನಿರೋದು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ. ಕುಡಿತ ಅಥವಾ ಡ್ರಗ್ಸ್ ಬಿಡಿಸುವ ಚಿಕಿತ್ಸೆ ಮುಗಿಸಿದವರು ನೇರ ಮನೆಗೆ ಹೋಗದೆ, ಕೆಲವು ತಿಂಗಳು ಒಟ್ಟಿಗೆ ಇರುವ ಬಾಡಿಗೆ ಮನೆಗೆ ಇಲ್ಲಿ ಸೋಬರ್ ಲಿವಿಂಗ್ ಹೋಮ್ ಅಂತಾರೆ. ಹೊರಗಿನಿಂದ ನೋಡಿದರೆ ಎಲ್ಲರ ಮನೆಯ ಹಾಗೇ ಇರುತ್ತೆ. ಒಳಗೆ ಆರೇಳು ಜನ, ಒಬ್ಬ ಹೌಸ್ ಮ್ಯಾನೇಜರ್. ಅಲ್ಲಿ ಚಿಕಿತ್ಸೆ ಕೊಡುವುದಿಲ್ಲ. ಹಾಗಾಗಿ ರಾಜ್ಯದ ಲೈಸೆನ್ಸ್ ಬೇಕಿಲ್ಲ. ನಮ್ಮ ಬೀದಿಯಲ್ಲೇ ಅಂಥದ್ದೊಂದು ಇತ್ತು, ನಮ್ಮ ಮನೆಯಿಂದ ಮೂರನೆಯದು.

ನಾಲ್ಕು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದರ ಹೊತ್ತಿಗೆ ಕಸದ ಡಬ್ಬಿ ಹೊರಗಿಡೋಕೆ ಹೋದೆ. ಆ ಮನೆ ಮುಂದೆ ಫುಟ್‌ಪಾತ್ ಅಂಚಿನಲ್ಲಿ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತೆರಡು, ಇಪ್ಪತ್ತಮೂರು ಇರಬಹುದು. ಪಕ್ಕದಲ್ಲಿ ಎರಡು ಕಪ್ಪು ಕಸದ ಬ್ಯಾಗು. ಕಸ ಅಲ್ಲ, ಅವನ ಬಟ್ಟೆ. ಮೇಲೊಂದು ಚಪ್ಪಲಿ ಡಬ್ಬ. ಕುಡಿದಿರಲಿಲ್ಲ. ಫೋನಿನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜ್ ಉಳಿದಿದೆ, ಚಾರ್ಜರ್ ಸಿಗುತ್ತಾ ಅಂತ ಕೇಳಿದ. ನಮ್ಮ ಜಗುಲಿಯ ಪ್ಲಗ್ಗಿಗೆ ಹಾಕಿಕೊಟ್ಟೆ. ಏನಾಯ್ತು ಅಂದರೆ, "ಇನ್ಶೂರೆನ್ಸ್ ಮುಗೀತು" ಅಂದ. ಅಷ್ಟೇ. ಅವನ ಊರು ಅಲ್ಲಿಂದ ಎರಡು ಸಾವಿರ ಮೈಲಿ ದೂರ.

ಇದಕ್ಕೆ ಇಲ್ಲಿ ಒಂದು ಹೆಸರೇ ಇದೆ. ಕರ್ಬಿಂಗ್. ಕರ್ಬ್ ಅಂದರೆ ಫುಟ್‌ಪಾತ್ ಅಂಚು. ಅಲ್ಲಿಗೆ ತಂದು ಬಿಡೋದು.

ದುಡ್ಡಿನ ದಾರಿ ತಿಳಿದರೆ ಇದು ಅರ್ಥ ಆಗುತ್ತೆ. ಸೋಬರ್ ಮನೆಯ ಬಾಡಿಗೆಯನ್ನು ಇನ್ಶೂರೆನ್ಸ್ ಕೊಡುವುದಿಲ್ಲ. ಆದರೆ ಹಗಲು ಹೋಗಿ ಬರುವ ಚಿಕಿತ್ಸಾ ಕೇಂದ್ರಕ್ಕೆ, ಮೂತ್ರ ಪರೀಕ್ಷೆಗೆ ಕೊಡುತ್ತೆ. ಕೆಲವು ಕಡೆ ಕೇಂದ್ರದವರೂ ಮನೆಯವರೂ ಒಳಗೊಳಗೇ ಒಂದಾಗಿರ್ತಾರೆ. ಮನೆಯಲ್ಲಿ ಬಾಡಿಗೆ ಇಲ್ಲದೆ ಇರು, ನಮ್ಮ ಕೇಂದ್ರಕ್ಕೆ ಬಾ ಅಂತಾರೆ. ಪಾಲಿಸಿ ಹಣ ಇರುವ ತನಕ ಹುಡುಗ ಬೇಕು. ಆಮೇಲೆ ಬೇಡ. ಜನರನ್ನು ಕಳಿಸಿಕೊಟ್ಟದ್ದಕ್ಕೆ ಕೇಂದ್ರದವರು ಮನೆಯವರಿಗೆ ಕೊಡುವ ಇಂಥ ಕಮಿಷನ್ನನ್ನು ಅಪರಾಧ ಅಂತ ಫೆಡರಲ್ ಕಾನೂನು ಮಾಡಿದ್ದು 2018ರಲ್ಲಿ. ಫ್ಲಾರಿಡಾದ ಡೆಲ್‌ರೇ ಬೀಚ್ ಕಡೆ ಅದಕ್ಕೂ ಮೊದಲೇ ಇದು ಹಾವಳಿಯಾಗಿ ಹಬ್ಬಿತ್ತು.

ಬೀದಿಯವರ ದೂರು ಸುಳ್ಳಲ್ಲ. ಒಂದೇ ಸಾಲಿನಲ್ಲಿ ಮೂರು ಮನೆ ಹಾಗಾದರೆ ಕಾರು ನಿಲ್ಲಿಸೋಕೆ ಜಾಗ ಇಲ್ಲ, ಹಿತ್ತಲಲ್ಲಿ ಹಗಲೂ ರಾತ್ರಿ ಸಿಗರೇಟು ಹೊಗೆ, ಆಗಾಗ ಆಂಬುಲೆನ್ಸ್. ಚಿಕ್ಕ ಮಕ್ಕಳಿರುವವರಿಗೆ ದಿಗಿಲಾಗುತ್ತೆ. ಆದರೆ ಊರಿನ ಆಡಳಿತದ ಕೈ ಸ್ವಲ್ಪ ಕಟ್ಟಿದೆ. ಚಟ ಬಿಟ್ಟು ಚೇತರಿಸಿಕೊಳ್ಳುತ್ತಿರುವವರನ್ನು ಅಂಗವಿಕಲರ ಸಾಲಿನಲ್ಲಿಟ್ಟು ಕಾಪಾಡುತ್ತೆ 1988ರ ಫೆಡರಲ್ ವಸತಿ ಕಾನೂನು. ಅವರಿಗೆ ಮಾತ್ರ ಬೇರೆ ನಿಯಮ ಅನ್ನೋ ಹಾಗಿಲ್ಲ. ಇಲ್ಲೇ ಸಮುದ್ರದ ಕಡೆ ಇರುವ ನ್ಯೂಪೋರ್ಟ್ ಬೀಚ್ 2008ರಲ್ಲಿ ನಿಯಮ ತಂದು, ವರ್ಷಗಟ್ಟಲೆ ಕೋರ್ಟು ಅಲೆದು, 2015ರಲ್ಲಿ 52.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕೋಸ್ಟಾ ಮೆಸಾ 2014ರಲ್ಲಿ ತಂದ ನಿಯಮವೂ ವರ್ಷಗಟ್ಟಲೆ ಕೋರ್ಟಿನಲ್ಲಿ ಅಲೆದಿದೆ.

ಈಗ ನಮ್ಮೂರ ಕಡೆಯ ಮಾತು. ನನ್ನ ಚಿಕ್ಕಪ್ಪ ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ತುಂಬಾ ಕುಡೀತಿದ್ದರು. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟರು. ಎಂಟು ದಿನದ ಶಿಬಿರ. ಎಲ್ಲಿ ನಡೆದದ್ದು ಗೊತ್ತಾ? ಊರ ನಡುವಿನ ದೇವಸ್ಥಾನದ ಸಭಾಭವನದಲ್ಲಿ. ಅಕ್ಕಿ, ತೆಂಗಿನಕಾಯಿ, ತರಕಾರಿ ಎಲ್ಲ ಊರಿನವರೇ ತಂದು ಹಾಕಿದರು. ಅಡುಗೆಗೂ ಊರಿನವರೇ ನಿಂತರು. ಕುಡುಕರ ಶಿಬಿರ ನಮ್ಮ ಬೀದಿಯಲ್ಲಿ ಬೇಡ ಅಂತ ಯಾರೂ ಅನ್ನಲಿಲ್ಲ. ಇದನ್ನು ಇಲ್ಲಿನ ಗೆಳೆಯರಿಗೆ ಹೇಳಿದರೆ ಅವರಿಗೆ ನಂಬೋಕೇ ಕಷ್ಟ.

ಶಿಬಿರ ಮುಗಿದ ಮೇಲೆ ಚಿಕ್ಕಪ್ಪ ಮನೆಗೇ ಬಂದರು. ಅದೇ ಮನೆ, ಅದೇ ಬಸ್‌ಸ್ಟ್ಯಾಂಡು, ಅದರ ಪಕ್ಕದಲ್ಲೇ ವೈನ್‌ಶಾಪು. ಪೇಟೆಗೆ ಹೋಗುವಾಗ ಅವರು ಅಡಿಕೆ ತೋಟದ ಒಳಗಿನ ದಾರಿ ಹಿಡಿದು ಸುತ್ತಿ ಹೋಗ್ತಿದ್ದರು. ನಾಲ್ಕು ತಿಂಗಳಿಗೆ ಒಂದು ಸಲ ಜಾರಿದರು. ಕೊಟ್ಟಿಗೆಯ ಹುಲ್ಲಿನ ಮೇಲೆ ಮಲಗಿದ್ದರು. ಚಿಕ್ಕಮ್ಮ ಜಗುಲಿ ದೀಪ ಆರಿಸಲಿಲ್ಲ. ಬೆಳಿಗ್ಗೆ ಗಂಜಿ ಕೊಟ್ಟರು. ಆಮೇಲೆ ನವಜೀವನ ಸಮಿತಿಯವರು, ಅಂದರೆ ಹಿಂದೆ ಇದೇ ಥರ ಶಿಬಿರದಲ್ಲಿ ಕೂತು ಕುಡಿತ ಬಿಟ್ಟವರೇ, ನಾಲ್ಕು ಜನ ಬಂದು ಅಂಗಳದಲ್ಲಿ ಕೂತು ಮಾತಾಡಿದರು. ಅದೇ ಕೊನೆ, ಮತ್ತೆ ಮುಟ್ಟಲಿಲ್ಲ.

ಬಹಳ ದಿನ ನಾನು ಇದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗ್ತಿದ್ದೆ. ನಮ್ಮಲ್ಲಿ ಮನೆ ಇದೆ, ಜನ ಇದ್ದಾರೆ, ಅಮೆರಿಕದವರಿಗೆ ಅದಿಲ್ಲ ಅಂತ. ಒಮ್ಮೆ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಈ ಸೋಬರ್ ಮನೆಗಳ ವಿಷಯ ಬಂತು. ಹಿಂಗೆ ಆರು ತಿಂಗಳು ಬೇರೆ ಕಡೆ ಇಟ್ಟುಕೊಳ್ತಾರೆ ಚಿಕ್ಕಮ್ಮ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂಥ ಮನೆ ನಮ್ಮ ಕಡೆ ಇದ್ದಿದ್ರೆ ನಾನೂ ಆರು ತಿಂಗಳು ನಿದ್ದೆ ಮಾಡ್ತಿದ್ದೆ ಮಾರಾಯ" ಅಂದರು.

ಅವತ್ತಿನಿಂದ ನನ್ನ ಹೋಲಿಕೆ ಬದಲಾಯಿತು. ನಮ್ಮಲ್ಲಿ ಚಿಕಿತ್ಸೆಗೂ ಮಾಮೂಲಿ ಬದುಕಿಗೂ ನಡುವಿನ ಮನೆ ಅಂದರೆ ಹೆಂಡತಿ. ಬಾಗಿಲು ತೆರೆದಿರುತ್ತೆ, ನಿಜ. ಅದನ್ನು ತೆರೆದಿಟ್ಟುಕೊಂಡು ಎಚ್ಚರ ಇರುವವಳು ಅವಳೊಬ್ಬಳೇ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಮಾದಕ ವಸ್ತುವಿನ ಚಟವೂ ಸೇರಿದೆ. ಹಾಫ್‌ವೇ ಹೋಮ್‌ಗಳನ್ನು, ಅಂದರೆ ಇಂಥ ನಡುವಿನ ಮನೆಗಳನ್ನು, ಸರ್ಕಾರ ಒದಗಿಸಬೇಕು ಅಂತಲೂ ಅದರಲ್ಲಿದೆ. ಚಿಕ್ಕಮ್ಮನಿಗೆ ಅಂಥ ಒಂದು ಮನೆ ಕಣ್ಣಿಗೆ ಬಿದ್ದಿಲ್ಲ. ಆ ಮನೆಗಳು ನಮ್ಮ ತಾಲೂಕುಗಳಿಗೆ ಬರಬೇಕು. ಬರುವಾಗ ಇಲ್ಲಿನ ತಪ್ಪುಗಳನ್ನು ಹೊತ್ತುಕೊಂಡು ಬರಬಾರದು.

ಲೈಸೆನ್ಸ್ ಒಂದಿದ್ದರೆ ಸಾಕು ಅನ್ನುವವರು ಅಮೆರಿಕದ ಅರಿಜೋನಾ ರಾಜ್ಯ ನೋಡಬೇಕು. ಅಲ್ಲಿ 2018ರಲ್ಲೇ ಸೋಬರ್ ಮನೆಗಳಿಗೆ ರಾಜ್ಯದ ಲೈಸೆನ್ಸ್ ಕಾನೂನು ಬಂತು. ಆದರೂ ಮೂಲನಿವಾಸಿ ಬುಡಕಟ್ಟುಗಳ ಜನರನ್ನು ಅವರ ಊರುಗಳಿಂದ ವ್ಯಾನಿನಲ್ಲಿ ಫೀನಿಕ್ಸಿಗೆ ಕರೆತಂದು, ಮನೆಗಳಲ್ಲಿ ತುಂಬಿ, ಕೊಡದ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ಯೋಜನೆಯಿಂದ ಬಿಲ್ ಎತ್ತಿದರು. 2023ರ ಮೇ ತಿಂಗಳಲ್ಲಿ ಗವರ್ನರ್ ಕೇಟಿ ಹಾಬ್ಸ್ ಮತ್ತು ಅಟಾರ್ನಿ ಜನರಲ್ ಕ್ರಿಸ್ ಮೇಯ್ಸ್ ಈ ಮೋಸವನ್ನು ಬಯಲಿಗಿಟ್ಟು ಪಾವತಿ ನಿಲ್ಲಿಸಿದರು. ನಿಲ್ಲಿಸಿದ್ದು ಸರಿಯೇ. ಆದರೆ ದುಡ್ಡು ನಿಂತ ಕೂಡಲೇ ಮನೆಗಳು ಮುಚ್ಚಿದವು, ಒಳಗಿದ್ದವರು ಬೀದಿಗೆ ಬಂದರು. ನವಾಹೋ ಬುಡಕಟ್ಟಿನ ಸ್ವಂತ ಆಡಳಿತವಾದ ನವಾಹೋ ನೇಷನ್ ತನ್ನವರನ್ನು ಹುಡುಕಿ ಊರಿಗೆ ಕರೆತರೋಕೆ ಆಪರೇಷನ್ ರೇನ್‌ಬೋ ಬ್ರಿಡ್ಜ್ ಅಂತಲೇ ಒಂದು ಕಾರ್ಯಾಚರಣೆ ಮಾಡಬೇಕಾಯಿತು. ನನ್ನ ಬೀದಿಯಲ್ಲಿ ಕಂಡಿದ್ದು ಒಬ್ಬ ಹುಡುಗ. ಅಲ್ಲಿ ಎಷ್ಟು ತಾಯಂದಿರು ಫೋನ್ ಹಿಡಿದು ಕಾದರೋ.

ಚೆನ್ನಾಗಿ ನಡೆಯುವ ಮನೆಗಳೂ ಇವೆ. 1975ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಶುರುವಾದ ಆಕ್ಸ್‌ಫರ್ಡ್ ಹೌಸ್ ಮನೆಗಳಲ್ಲಿ ಮೇಲೆ ನಿಂತು ಮನೆ ನಡೆಸುವ ಮಾಲೀಕ ಇಲ್ಲ, ಮ್ಯಾನೇಜರೂ ಇಲ್ಲ. ಇರುವವರೇ ಖರ್ಚು ಹಂಚಿಕೊಳ್ತಾರೆ, ಮತ ಹಾಕಿ ತೀರ್ಮಾನ ಮಾಡ್ತಾರೆ. ಕುಡಿದವನು ಮನೆ ಬಿಡಬೇಕು, ಅದು ಕಟ್ಟುನಿಟ್ಟು. ಆದರೆ ಯಾರ ಇನ್ಶೂರೆನ್ಸಿನ ಮೇಲೂ ಆ ಮನೆ ಬದುಕುವುದಿಲ್ಲ. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ಊರಿನ ವಿರುದ್ಧ ಇವರ ಪರವಾಗಿ 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ನಮ್ಮ ನವಜೀವನ ಸಮಿತಿಗೆ ಒಂದು ಸೂರು ಕೊಟ್ಟರೆ ಹೀಗೇ ಇರುತ್ತೆ ಅಂತ ನನಗನಿಸುತ್ತೆ.

ಹಾಗಾಗಿ 650 ಅಡಿಯ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಕೆಟ್ಟ ಮನೆ 650 ಅಡಿ ಆಚೆ ಇದ್ದರೂ ಕೆಟ್ಟದ್ದೇ. ಒಳ್ಳೇ ಮನೆ ಪಕ್ಕದಲ್ಲೇ ಇದ್ದರೆ ನನಗೇನೂ ತೊಂದರೆ ಇಲ್ಲ. ಆದರೆ ಅದೇ ಕೋಸ್ಟಾ ಮೆಸಾ ನಿಯಮದಲ್ಲಿ ಒಂದು ಒಳ್ಳೇ ಮಾತಿದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಯಾರನ್ನಾದರೂ ಹೊರಗೆ ಹಾಕುವುದಿದ್ದರೆ 48 ಗಂಟೆ ಮೊದಲೇ ಅವರ ಕಡೆಯವರಿಗೆ ತಿಳಿಸಬೇಕು, ಅವರ ಊರಿಗೆ ತಲುಪುವ ವ್ಯವಸ್ಥೆ ಮಾಡಿಕೊಡಬೇಕು ಅಂತ. ಬಡಿದಾಡಿದಂಥ ಸಂದರ್ಭ ಬೇರೆ. ಇನ್ಶೂರೆನ್ಸ್ ಮುಗಿದದ್ದಕ್ಕೆ ರಾತ್ರಿ ಹನ್ನೊಂದಕ್ಕೆ ಕಸದ ಬ್ಯಾಗ್ ಕೊಟ್ಟು ಕಳಿಸೋ ಹಾಗಿಲ್ಲ. ಯಾವ ಕೇಂದ್ರದಿಂದ ಮನೆಗೆ ದುಡ್ಡು ಬರುತ್ತೆ ಅನ್ನೋ ಲೆಕ್ಕವನ್ನೂ ಊರು ಕೇಳಬೇಕು. ಕಾರಿನ ಜಾಗ ಆಮೇಲೆ ಕೇಳಿದರಾಯಿತು.

ಅವತ್ತು ರಾತ್ರಿ ಒಂದು ಗಂಟೆಗೆ ಆ ಹುಡುಗನ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಮೀಟಿಂಗಿನ ಹಿರಿಯರೊಬ್ಬರು ಹಳೇ ಪಿಕಪ್ಪಿನಲ್ಲಿ ಬಂದರು. ಬ್ಯಾಗುಗಳನ್ನು ಹಿಂದೆ ಹಾಕಿ, ಡಬ್ಬವನ್ನು ಅವನ ತೊಡೆ ಮೇಲೆ ಇಟ್ಟು ಕರೆದುಕೊಂಡು ಹೋದರು.

ಆ ಹೆಂಗಸು ವಾರ ಬಿಟ್ಟು ಮತ್ತೆ ಬಂದಾಗ ಈ ಕಥೆಯನ್ನೆಲ್ಲ ಹೇಳಿದೆ. ಆಕೆಗೆ ಆ ರಾತ್ರಿಯ ವಿಷಯ ಗೊತ್ತೇ ಇರಲಿಲ್ಲ. ಅಂತರದ ಸಾಲನ್ನು ಅವರು ತೆಗೆಯಲಿಲ್ಲ. ಆದರೆ ಪೆನ್ನು ತೆಗೆದು, ಹಾಳೆಯ ಕೊನೆಯಲ್ಲಿ ಕೈಯಲ್ಲೇ 48 ಗಂಟೆಯ ಸಾಲು ಬರೆದರು. ನಾನು ಆ ಸಾಲಿನ ಕೆಳಗೆ, ಇದೊಂದಕ್ಕೆ ಮಾತ್ರ ಅಂತ ಬರೆದು ಸಹಿ ಹಾಕಿದೆ.