ಬೆಳ್ಳಿಮೋಡ ಹುಡುಕಲು 40 ನಿಮಿಷ

ಮಧ್ಯಾಹ್ನ ಊಟ ಆದಮೇಲೆ ಅತ್ತೆ ರಿಮೋಟ್ ಹಿಡಿದು ಕೂತರು. ಟಿ.ವಿ.ಯ ಆ್ಯಪ್‌ನಲ್ಲಿ ಬೆಳ್ಳಿಮೋಡ ಸಿನಿಮಾ ನೋಡಬೇಕಿತ್ತು ಅವರಿಗೆ. ಆ ಆ್ಯಪ್‌ನ ಕೀಬೋರ್ಡಿನಲ್ಲಿ ಕನ್ನಡವೇ ಇಲ್ಲ. ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಇಂಗ್ಲಿಷ್ ಅಕ್ಷರ ಆರಿಸಿದರು. ಬಿ, ಇ, ಎರಡು ಎಲ್, ಐ. ಜಾಗ ಬಿಡದೆ ಎಂ, ಓ, ಡಿ, ಎ. ಬಂದದ್ದು ಯಾವುದೋ ಹಿಂದಿ ಸಿನಿಮಾ. ಮೋಡಕ್ಕೆ ಎರಡು ಓ ಹಾಕಿದರು. ಬರಲಿಲ್ಲ. ಒಂದು ಎಲ್ ತೆಗೆದರು. ಅದಕ್ಕೂ ಇಲ್ಲ. "ಬಿಡಮ್ಮ, ಹಳೇದೆಲ್ಲ ಇವರು ಇಟ್ಟಿರಲ್ಲ" ಅಂತ ರಿಮೋಟ್ ಟೀಪಾಯಿ ಮೇಲಿಟ್ಟರು.

ಇತ್ತು. ಸಿನಿಮಾ ಅದರೊಳಗೇ ಇತ್ತು! ಬೆಳ್ಳಿ ಬೇರೆ, ಮೋಡ ಬೇರೆ ಅಂತ ಬಿಡಿಸಿ ಬರೆದಿದ್ದರು. ನಡುವಿನ ಆ ಒಂದು ಖಾಲಿ ಜಾಗಕ್ಕೆ ನಮ್ಮ 40 ನಿಮಿಷ ಹೋಯಿತು.

ನಾನು ಲೈಬ್ರರಿಯಲ್ಲಿ ವರ್ಷಗಟ್ಟಲೆ ಕ್ಯಾಟಲಾಗ್ ಕಾರ್ಡ್ ಬರೆದವಳು. ಅದಕ್ಕೇ ಸಿಟ್ಟು ತಡೆಯಲಾಗುತ್ತಿಲ್ಲ. ನಮ್ಮ ಮರದ ಡ್ರಾಯರ್ ನೆನಪಿದೆಯಾ? ಕಾರ್ಡಿನ ಕೆಳಗೆ ತೂತು, ತೂತಿನಲ್ಲಿ ಕಂಬಿ. ಬೆಳ್ಳಿಮೋಡ ಕಾದಂಬರಿ ಬರೆದವರು ತ್ರಿವೇಣಿ; ಅವರ ನಿಜ ಹೆಸರು 'ಅನಸೂಯ ಶಂಕರ್' ಅಂತ ಹುಡುಕಿದವರಿಗೆ 'ನೋಡಿ: ತ್ರಿವೇಣಿ' ಅನ್ನುವ ಕಾರ್ಡ್ ಸಿಗುತ್ತಿತ್ತು. 'ಪುಟ್ಟಪ್ಪ, ಕೆ.ವಿ.' ಅಂತ ಬಂದವರಿಗೆ 'ನೋಡಿ: ಕುವೆಂಪು'. ಓದುಗರು ಯಾವ ಬಾಗಿಲಿಂದ ಬಂದರೂ ಪುಸ್ತಕ ಸಿಗಬೇಕು, ಅಷ್ಟೇ. ಓದುಗರ ಸಮಯ ಉಳಿಸಿ ಅಂತ ಗ್ರಂಥಾಲಯ ವಿಜ್ಞಾನದ ಗುರು ರಂಗನಾಥನ್ 1931ರಲ್ಲೇ ಬರೆದಿದ್ದರು. ಅವರು 1962ರಲ್ಲಿ ಈ ವಿದ್ಯೆಯ ತರಬೇತಿ, ಸಂಶೋಧನೆಗೆ ಅಂತ ಡಿಆರ್‌ಟಿಸಿ ಕಟ್ಟಿದ್ದು ಇದೇ ಬೆಂಗಳೂರಿನಲ್ಲಿ.

ಈಗ ಒಂದು ಲೈಬ್ರರಿಯ ಆನ್‌ಲೈನ್ ಪಟ್ಟಿಯಲ್ಲಿ ತ್ರಿವೇಣಿ ಹುಡುಕಿ ನೋಡಿದೆ. ಟಿ ಆರ್ ಐ ಅಂತ ಶುರು ಮಾಡಿದರೆ ಕೆಲವು ಪುಸ್ತಕ. ಟಿ ಎಚ್ ಆರ್ ಐ ಅಂದರೆ ಬೇರೆ ಕೆಲವು. ಕನ್ನಡದಲ್ಲೇ ತ್ರಿವೇಣಿ ಅಂತ ಕೊಟ್ಟರೆ ಸೊನ್ನೆ. ಒಬ್ಬರೇ ಲೇಖಕಿಯನ್ನು ತುಂಡು ತುಂಡು ಮಾಡಿ ಇಟ್ಟಿದ್ದಾರೆ.

ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಕಂಪ್ಯೂಟರ್ ಬಂದಾಗ ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಅಂದರು. ನಾನೂ ಹಾಕಿದೆ. ಒಂದು ದಿನ ಎಚ್ ಸೇರಿಸಿ, ಇನ್ನೊಂದು ದಿನ ಬಿಟ್ಟು. ಡ್ರಾಯರ್ ಗುಜರಿಗೆ ಹೋದ ದಿನವೂ ಸುಮ್ಮನಿದ್ದೆ. ಬಾಯಿ ಬಿಡಬೇಕಿತ್ತು.

ನನ್ನ ಮಗ ಹೇಳುತ್ತಾನೆ, "ಅಮ್ಮ, ಕನ್ನಡದಲ್ಲಿ ಯಾರು ಟೈಪ್ ಮಾಡ್ತಾರೆ? ಗೂಗಲ್‌ನಲ್ಲಿ ಸ್ಪೆಲಿಂಗ್ ನೋಡ್ಕೊಂಡು ಹುಡುಕಿದ್ರೆ ಆಯ್ತು." ಕನ್ನಡದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ, ಅದಕ್ಕೇ ಜನ ಬಿಟ್ಟಿದ್ದಾರೆ ಕಣೋ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿಗೆ ತರುವ ಯೂನಿಕೋಡ್‌ನಲ್ಲಿ ಕನ್ನಡ ಬಂದದ್ದು 1991ರಲ್ಲಿ. ಇನ್ನೂ ಎಷ್ಟು ದಿನ ಕಾಯಬೇಕು? ಹಳೇ ಪುಸ್ತಕ ಸ್ಕ್ಯಾನ್ ಮಾಡಿಟ್ಟ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳ ಹೆಸರೂ ಹೀಗೇ ಇಂಗ್ಲಿಷ್ ಅಕ್ಷರದಲ್ಲಿ ಕೆಟ್ಟುಹೋಗಿದ್ದವು. ಸಂಚಯ ಅನ್ನುವ ಕನ್ನಡ ತಂಡದ ಹುಡುಗರು ಓದುಗರನ್ನೂ ಸೇರಿಸಿಕೊಂಡು ಅವನ್ನು ಕನ್ನಡಕ್ಕೆ ತಂದರು. ಹಣ ಇರುವ ಕಂಪನಿಗಳಿಗೆ ಆಗದ್ದೇನು?

ಕನ್ನಡದ ಹೆಸರು ಕನ್ನಡದಲ್ಲೇ ಇರಲಿ. ಇಂಗ್ಲಿಷಲ್ಲಿ ಒತ್ತಿದರೆ ಉಚ್ಚಾರ ಹತ್ತಿರ ಇರುವುದನ್ನೆಲ್ಲ ತೋರಿಸಲಿ. ಅನಕೃ ಅಂದರೂ ಅ.ನ.ಕೃ. ಅಂದರೂ ಒಬ್ಬರೇ ಅಂತ ಗೊತ್ತಾಗಲಿ. ಇನ್ನೂ ಒಂದು ಆಸೆ ಇದೆ. ತ್ರಿವೇಣಿ ಅಂತ ಕೊಟ್ಟರೆ ಕಾದಂಬರಿ ಜೊತೆ ಸಿನಿಮಾಗಳೂ ಬರಬೇಕು. 1967ರ ಬೆಳ್ಳಿಮೋಡ, ಆಮೇಲಿನ ಶರಪಂಜರ, ಎರಡೂ ಪುಟ್ಟಣ್ಣ ಅವರದು, ಎರಡೂ ತ್ರಿವೇಣಿ ಕತೆ. ನಾವು ಸಿನಿಮಾ ನೆನಪಿಟ್ಟುಕೊಳ್ಳುವುದೇ ಹೀಗೆ ಅಲ್ವಾ? ಅತ್ತೆ ಕೇಳಿದ್ದೂ "ಬೇಂದ್ರೆ ಹಾಡು ಇದೆಯಲ್ಲ, ಕಲ್ಪನಾದು, ಅದು ಹಾಕು" ಅಂತ. ನಮ್ಮ ಕೌಂಟರಿಗೆ ಬಂದು ಹಾಗೆ ಕೇಳಿದ್ದರೆ ಅರ್ಧ ನಿಮಿಷ ಸಾಕಿತ್ತು.

ಸಿನಿಮಾ ಕೊನೆಗೂ ಹಾಕಿದೆ. 'ಮೂಡಲ ಮನೆಯ' ಬಂದಾಗ ಅತ್ತೆ ಮೆಲ್ಲಗೆ ಜೊತೆಗೆ ಹಾಡಿದರು, ಒಂದು ಸಾಲೂ ತಪ್ಪಲಿಲ್ಲ. ನಾಳೆ ಶರಪಂಜರ ಬೇಕಂತೆ. ಆ ಆ್ಯಪ್‌ನಲ್ಲಿ ಅದಕ್ಕೆ ಎಸ್ ಒಂದೇನಾ, ಎಸ್ ಎಚ್ಚಾ? ಹುಡುಕಿದವರಿದ್ದರೆ ದಯವಿಟ್ಟು ಹೇಳಿ.