ಹಡಗು ಒಂಬತ್ತು, ಅಡ್ಮಿರಲ್ ಹನ್ನೊಂದು

ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಬ್ರಹ್ಮಕಲಶೋತ್ಸವದ ಆಮಂತ್ರಣ ಬಿಡಿಸಿ ನೋಡಿದರೂ ದೇವರಿಗೆ ಅರ್ಧ ಪುಟ, ಸಮಿತಿಗೆ ಉಳಿದದ್ದೆಲ್ಲ. ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು, ಹೊರೆಕಾಣಿಕೆ ಸಮಿತಿ, ಚಪ್ಪರ ಸಮಿತಿ, ಪಾರ್ಕಿಂಗ್ ಸಮಿತಿ. ಈ ಗಾಳಿಯಲ್ಲೇ ಬೆಳೆದ ಕಾಸರಗೋಡಿನ ಹುಡುಗರ ಕೈಗೆ ಬಾಹ್ಯಾಕಾಶದ ಆಟವೊಂದು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಹಡಗು ಕೊಳ್ಳುವ ಮೊದಲೇ ಕಾರ್ಯಕಾರಿ ಸಮಿತಿ ರಚನೆಯಾಯಿತು.

ಆಟದ ಹೆಸರು ಈವ್ ಆನ್‌ಲೈನ್. ಐಸ್‌ಲ್ಯಾಂಡಿನವರು 2003ರಲ್ಲಿ ಬಿಟ್ಟದ್ದು. ಅದರಲ್ಲಿ ಆಟಗಾರರೇ ಸೇರಿ ಕಾರ್ಪೊರೇಷನ್ ಎಂಬ ಸಂಘ ಕಟ್ಟಬಹುದು. ಸಾಮಾನು ಇಡುವ ಹ್ಯಾಂಗರಿಗೆ 7 ವಿಭಾಗ, ಹಣದ ವಾಲೆಟ್ಟಿಗೆ 7 ವಿಭಾಗ, ಬಿರುದು ಕೊಡಲು 16 ಖಾಲಿ ಜಾಗ. ಖಾಲಿ ಜಾಗ ಕಂಡ ಮೇಲೆ ಬಿಡಲಿಕ್ಕುಂಟೇ ಮಾರಾಯ್ರೆ? ಒಂಬತ್ತು ಜನರ ದಳದಲ್ಲಿ ಹದಿನಾರೂ ಒಂದೇ ರಾತ್ರಿಗೆ ತುಂಬಿದವು.

ವಿಭಾಗಗಳೂ ಏಳು: ಗಣಿಗಾರಿಕೆ, ಸಾಗಣೆ, ಕದನ, ಗುಪ್ತಚರ, ರಾಯಭಾರ, ಗಲ್ಫ್ ಘಟಕ, ಗಡಿನಾಡ ಘಟಕ. ಇರುವವರೆಲ್ಲ ಗಡಿನಾಡಿನವರೇ ಆಗಿರುವಾಗ ಗಡಿನಾಡ ಘಟಕ ಬೇರೆ ಯಾಕೆ ಎಂದು ಕೇಳಬಾರದು. ಮುಂದೊಂದು ದಿನ ಯಾರಾದರೂ ಅನುದಾನ ಕೊಟ್ಟರೆ ಯಾವ ಹೆಸರಿನಲ್ಲಿ ತೆಗೆದುಕೊಳ್ಳುವುದು? ಗಣಿಗಾರಿಕೆಗೆ ನಿರ್ದೇಶಕರಿದ್ದಾರೆ, ಉಪನಿರ್ದೇಶಕರಿದ್ದಾರೆ; ಲೇಸರ್ ಹಚ್ಚಿ ವೆಲ್ಡ್‌ಸ್ಪಾರ್ ಬಂಡೆ ಕೊರೆಯಲು ಮಾತ್ರ ಆಳಿಲ್ಲ. ಗುಪ್ತಚರ ವಿಭಾಗದವರ ಹೆಸರು ಸದಸ್ಯರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ, ಕೆಂಪು ಬಣ್ಣದಲ್ಲಿ, ಪ್ರತ್ಯೇಕ ತಲೆಬರಹದಡಿ ಹೊಳೆಯುತ್ತದೆ.

ಪದವಿಯ ಹೆಸರಿಗೆ ಮೂರು ರಾತ್ರಿ ಚರ್ಚೆ. ‘ವ್ಯೋಮದಂಡನಾಯಕ’ ಎಂದರೆ ಮಲಯಾಳಿ ಗೆಳೆಯರಿಗೆ ನಾಲಿಗೆ ಹೊರಳದು. ಊರಿನ ಸಮುದಾಯದ ಮುಖಂಡರಿಗೆ ಹೇಳುವ ‘ಗುರಿಕ್ಕಾರ’ ಎಂದರೆ ಮನೆಯಲ್ಲಿರುವ ನಿಜವಾದ ಗುರಿಕ್ಕಾರರು ಕೇಳಿಸಿಕೊಂಡಾರು. ಕೊನೆಗೆ ಅಡ್ಮಿರಲ್, ಹಿರಿಯ ಅಡ್ಮಿರಲ್, ಗೌರವ ಅಡ್ಮಿರಲ್ ಎಂದಾಯಿತು. ಗೌರವದವರು ಇಬ್ಬರು, ಅವರ ಕಂಪ್ಯೂಟರಿನಲ್ಲಿ ಆಟವೇ ಇಲ್ಲ, ಫ್ಲೆಕ್ಸಿಗೆ ಫೋಟೋ ಕೊಟ್ಟಿದ್ದಾರೆ. ಹೀಗೆ ಹಡಗು ಒಂಬತ್ತು, ಅಡ್ಮಿರಲ್ ಹನ್ನೊಂದು. ಇದೇ ಮಣ್ಣಿನ ಯಕ್ಷಗಾನ ಮೇಳಗಳಲ್ಲಿ ಕೋಡಂಗಿ, ಬಾಲಗೋಪಾಲ ಕುಣಿದು ಕಾಲು ಪಳಗಿದ ಮೇಲೆಯೇ ಕಿರೀಟದ ಮಾತು. ದಳದಲ್ಲಿ ಕಿರೀಟ ಮೊದಲು ಬರುತ್ತದೆ, ಕಾಲು ಬರುವುದೇ ಇಲ್ಲ.

ಮಾತುಕತೆಗೆ ಡಿಸ್ಕಾರ್ಡ್ ಎಂಬ ಆ್ಯಪ್. ಅಲ್ಲಂತೂ ಒಂದು ಸರ್ವರಿಗೆ, ಅಂದರೆ ಒಂದು ಗುಂಪಿನ ಅಡ್ಡೆಗೆ, 250 ರೋಲ್‌ಗಳವರೆಗೆ ಮಾಡಬಹುದು; ರೋಲ್ ಎಂದರೆ ಬಣ್ಣವೂ ಅನುಮತಿಯೂ ಅಂಟಿಕೊಂಡ ಪದವಿ. ರೋಲ್‌ಗಳ ಪಟ್ಟಿಯಲ್ಲಿ ನಿಮ್ಮ ಬಣ್ಣದ ರೋಲ್‌ಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲಿದೆಯೋ ಅದರ ಬಣ್ಣವೇ ನಿಮ್ಮ ಹೆಸರಿಗೆ. ಹಾಗಾಗಿ ಅನುಮತಿ ಇದ್ದವರೆಲ್ಲ ರಾತ್ರಿ ಹೊತ್ತು ತಮ್ಮ ವಿಭಾಗದ ರೋಲನ್ನು ಒಂದೊಂದು ಮೆಟ್ಟಿಲು ಮೇಲಕ್ಕೆ ಎಳೆದಿಡುತ್ತಾರೆ. ಇದು ಬರೀ ಶೋಕಿಯಾಗಿದ್ದರೆ ನಗಬಹುದಿತ್ತು. ರೋಲ್ ಹಂಚುವ ಅನುಮತಿ ಇದ್ದವನು ತನಗಿಂತ ಕೆಳಗಿರುವ ರೋಲ್‌ಗಳನ್ನು ಮಾತ್ರ ಹಂಚಬಲ್ಲ. ತಾನಾಗಿ ಕೆಲಸ ಮಾಡುವ ಬಾಟ್ ಎಂಬ ಪ್ರೋಗ್ರಾಮಿಗೂ ಅದೇ ಕಾನೂನು. ಹೊಸಬರಿಗೆ ತಾನಾಗಿ ರೋಲ್ ಕೊಡಬೇಕಾದ ಬಾಟ್ ಪಟ್ಟಿಯ ತಳದಲ್ಲಿ ಕೂತಿದ್ದರೆ ಅದು ‘ಅನುಮತಿ ಇಲ್ಲ’ ಎಂದು ಸುಮ್ಮನಾಗುತ್ತದೆ. ಪರಿಹಾರ ಅರ್ಧ ನಿಮಿಷದ್ದು: ಬಾಟ್‌ನ ರೋಲನ್ನು, ಅದು ಹಂಚಬೇಕಾದ ರೋಲ್‌ಗಳಿಗಿಂತ ಮೇಲೆ ಎಳೆದಿಡುವುದು. ಆದರೆ ಯಂತ್ರವೊಂದು ಅಡ್ಮಿರಲ್‌ಗಿಂತ ಮೇಲೆ ಕೂರುವುದೆಂದರೇನು? ಸಭೆ ಒಪ್ಪಲಿಲ್ಲ. ಹೊಸಬರು ಇನ್ನೂ ಬಾಗಿಲಲ್ಲೇ ಇದ್ದಾರೆ.

ಅಮಾನತಿನ ಕಥೆ ಇನ್ನೂ ಚೆಂದ. ಜಗಳವಾದಾಗ ಒಬ್ಬರಿಗೆ ‘ಅಮಾನತು’ ಎಂಬ ಹೊಸ ರೋಲ್ ಕೊಟ್ಟು ಅನುಮತಿಗಳನ್ನೆಲ್ಲ ಖಾಲಿ ಬಿಟ್ಟರು. ಡಿಸ್ಕಾರ್ಡಿನಲ್ಲಿ ರೋಲ್‌ಗಳ ಅನುಮತಿ ಒಂದಕ್ಕೊಂದು ಕೂಡುತ್ತದೆ, ಕಳೆಯುವ ಲೆಕ್ಕ ಸರ್ವರ್ ಮಟ್ಟದಲ್ಲಿ ಇಲ್ಲ. ಹಾಗಾಗಿ ಅಮಾನತಾದವರಿಗೆ ಸಿಕ್ಕಿದ್ದು ಹದಿನೇಳನೆಯ ಪದವಿ ಅಷ್ಟೆ. ಆಮೇಲೆ ಚಾನೆಲ್ ಎಂಬ ಒಂದೊಂದು ಹರಟೆಕೋಣೆಗೂ ಹೋಗಿ ಆ ರೋಲ್‌ಗೆ ಕೆಂಪು ಅಡ್ಡಗೀಟು ಹಾಕಿದರು. ಅದೂ ನಡೆಯಲಿಲ್ಲ. ಅದೇ ಚಾನೆಲ್‌ನಲ್ಲಿ ಅವರ ಇನ್ನೊಂದು ರೋಲ್‌ಗೆ ಹಸಿರು ಗುರುತಿದ್ದರೆ ಹಸಿರೇ ಗೆಲ್ಲುತ್ತದೆ. ಅವರಿಗೆ ರಾಯಭಾರ ವಿಭಾಗದ ಹಸಿರಿತ್ತು. ಈಗ ಅವರು ತಮ್ಮ ಅಮಾನತಿನ ವಿರುದ್ಧ ದಿನಕ್ಕೊಂದು ಖಂಡನಾ ನಿರ್ಣಯ ಅಲ್ಲೇ ಹಾಕುತ್ತಾರೆ. ಬಾಯಿ ಮುಚ್ಚಿಸಬೇಕಾದರೆ ಅವರ ಹೆಸರಿಗೇ ನೇರವಾಗಿ ಅಡ್ಡಗೀಟು ಹಾಕಬೇಕು, ಇಲ್ಲವೇ ಉಳಿದ ಪದವಿಗಳನ್ನು ಕಿತ್ತುಕೊಳ್ಳಬೇಕು. ಬಿರುದು ಪ್ರದಾನ ಸಮಾರಂಭಕ್ಕೆ ನಮ್ಮಲ್ಲಿ ಶಾಲು, ಹಾರ, ಫಲಪುಷ್ಪ ಎಲ್ಲ ಕ್ರಮ ಉಂಟು. ಬಿರುದು ವಾಪಸಿಗೆ ಯಾವ ಕ್ರಮವೂ ಇಲ್ಲ.

ಹಾಗಾದರೆ ಎಲ್ಲರಿಗೂ ಎಲ್ಲ ಅಧಿಕಾರ ಕೊಟ್ಟುಬಿಡೋಣ ಎಂದರು ಒಬ್ಬ ಹಿರಿಯ ಅಡ್ಮಿರಲ್. ಈವ್‌ನಲ್ಲಿ ಡೈರೆಕ್ಟರ್ ಎಂಬ ಒಂದೇ ರೋಲ್‌ನಿಂದ ಬೀಗದ ಕೈಗಳೆಲ್ಲ ಸಿಗುತ್ತವೆ. 2009ರ ಫೆಬ್ರುವರಿಯಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ಆಗಿನ ದೊಡ್ಡ ಒಕ್ಕೂಟದ ಡೈರೆಕ್ಟರ್ ಒಬ್ಬ ಎದುರಾಳಿ ಗೂನ್‌ಸ್ವಾರ್ಮ್ ಕಡೆ ವಾಲಿ ಆ ಒಕ್ಕೂಟವನ್ನೇ ವಿಸರ್ಜಿಸಿಬಿಟ್ಟ. ಗುಂಡು ಹಾರಿಸಬೇಕಾಗಲಿಲ್ಲ. ಹ್ಯಾಂಗರಿನಲ್ಲಿ ‘ನೋಡುವ’ ಅನುಮತಿ ಬೇರೆ, ‘ತೆಗೆಯುವ’ ಅನುಮತಿ ಬೇರೆ ಇಟ್ಟಿರುವುದು ಇಂಥವರಿಗಾಗಿಯೇ. ಹೊಸಬರಿಗೆ ಒಂದನೇ ವಿಭಾಗದಿಂದ ಫ್ರಿಗೇಟ್ ಎಂಬ ಅಗ್ಗದ ಸಣ್ಣ ಹಡಗು ತೆಗೆಯಲು ಬಿಟ್ಟು ಉಳಿದ ಆರಕ್ಕೆ ಬೀಗ ಹಾಕಿದರೆ ಸಾಕು. ನಮ್ಮವರು ತಿರುಗುಮುರುಗು ಮಾಡಿದ್ದಾರೆ: ಏಳರಲ್ಲೂ ತೆಗೆಯುವ ಅನುಮತಿ ಇದೆ, ನೋಡುವ ಅನುಮತಿ ಇಲ್ಲ.

ಸಮಯಪಾಲನೆ ಹೇಳಿ ಪ್ರಯೋಜನವಿಲ್ಲ. ಆಟದ ಗಡಿಯಾರ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಅದರಲ್ಲಿ 16:30 ಎಂದರೆ ನಮಗೆ ರಾತ್ರಿ 10, ದುಬೈಯ ಗಲ್ಫ್ ಘಟಕಕ್ಕೆ 8:30. ಪ್ರಕಟಣೆಯಲ್ಲಿ ಬರುವುದು ‘ರಾತ್ರಿ ಊಟವಾದ ಮೇಲೆ’ ಎಂದು. ತುಲಾ ಮಾಸದ ಗುಡುಗಿಗೆ ಮನೆಯವರು ಮೋಡೆಮ್ ವಯರು ಕಿತ್ತಿಟ್ಟರೆ ಇನ್ನೊಂದು ಫಜೀತಿ: ಬೇರೆ ಆಟಗಾರರೊಡನೆ ಕಾದಾಟದ ನಡುವೆ ಸಂಪರ್ಕ ತಪ್ಪಿದ ಹಡಗು ಕಾಳಗದ ಟೈಮರ್ ಮುಗಿಯುವ ತನಕ, ಅಂದರೆ ಕೊನೆಯ ಹೊಡೆತದಿಂದ 15 ನಿಮಿಷ, ಮಾಯವಾಗದೆ ಪೆಟ್ಟು ತಿನ್ನುತ್ತದೆ. ಒಳಗೆ ಅಡ್ಮಿರಲ್ ಇದ್ದರೂ ಅಷ್ಟೆ.

ಇನ್ನು ಬಿಲ್. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬ ನಕ್ಷತ್ರವ್ಯೂಹದ ಒಡೆತನ ಉಳಿಸಿಕೊಳ್ಳುವ ಹಣ ಹೊತ್ತಿಗೆ ಪಾವತಿಯಾಗಲಿಲ್ಲ. ಅಷ್ಟಕ್ಕೇ ಸಾವಿರಾರು ಜನ ಸುಮಾರು 21 ಗಂಟೆ ಹೊಡೆದಾಡಿ ಟೈಟನ್ ಎಂಬ ದೈತ್ಯ ಹಡಗುಗಳು 75 ಸುಟ್ಟುಹೋದವು. ನಮ್ಮ ದಳಕ್ಕೆ ನಕ್ಷತ್ರವ್ಯೂಹ ಇಲ್ಲ, ನಿಲ್ದಾಣದಲ್ಲಿ ಬಾಡಿಗೆಗೆ ಒಂದು ಆಫೀಸಿದೆ. 30 ದಿನಕ್ಕೊಮ್ಮೆ ಬಿಲ್ ಬರುತ್ತದೆ, ಕಟ್ಟದಿದ್ದರೆ ಆಫೀಸು ಹೋಗಿ ಸಾಮಾನು ಜಪ್ತಿಯಾಗುತ್ತದೆ. ಬಿರುದು ಎಂದರೆ ಈವ್‌ನಲ್ಲಿ ಬರೀ ಹೆಸರಲ್ಲ, ಅದರೊಳಗೆ ಯಾವ ಯಾವ ರೋಲ್ ಎಂದು ಗುರುತು ಹಾಕಬೇಕು. ಹದಿನಾರರಲ್ಲಿ ಹದಿನೈದು ಖಾಲಿ. ಕೋಶಾಧಿಕಾರಿ ಬಿರುದಿಗೆ ಮಾತ್ರ ಜೂನಿಯರ್ ಅಕೌಂಟೆಂಟ್ ಎಂದು ಗುರುತು ಬಿದ್ದಿದೆ. ಅವರು ದಿನಾ ಬಿಲ್ ನೋಡುತ್ತಾರೆ. ಕಟ್ಟಲು ಅವರಿಗೆ ಅನುಮತಿ ಇಲ್ಲ.