ಸತ್ಯಾಂಶ: ಕೋಳಿಯ ಕಣ್ಣಿಗೆ ನಿಂಬೆರಸ ಔಷಧಿಯಲ್ಲ

ಹಿತ್ತಲ ಕೋಳಿಯ ಕಣ್ಣು ಊದಿ ನೀರು ಸೋರುತ್ತಿದ್ದರೆ, ಅರಿಶಿನ ಕಲಸಿದ ನಿಂಬೆರಸವನ್ನು ಎರಡು ಹನಿ ಬಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ವಾಸಿಯಾಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಮೊದಲೇ ಉರಿಯುತ್ತಿರುವ ಕಣ್ಣನ್ನು ನಿಂಬೆಯ ಆಮ್ಲ ಇನ್ನಷ್ಟು ಘಾಸಿಗೊಳಿಸುತ್ತದೆ, ರೋಗದ ಮೂಲವಂತೂ ಹಾಗೆಯೇ ಉಳಿಯುತ್ತದೆ.

ಆ ಮೂಲ ಬಹಳ ಸಲ ಕಣ್ಣಿನಾಚೆಗಿರುತ್ತದೆ. ಮುಖ ಊದಿ, ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಕೊರೈಜಾ ಎಂಬ ಬ್ಯಾಕ್ಟೀರಿಯಾ ರೋಗವನ್ನು ಶಂಕಿಸಬೇಕು. ರೆಪ್ಪೆಯ ಮೇಲೆ ಹಕ್ಕಳೆಗಟ್ಟಿದ ಗುಳ್ಳೆಗಳಿದ್ದರೆ ಅದು ಕೋಳಿ ಸಿಡುಬಿರಬಹುದು. ಅದು ವೈರಸ್ ರೋಗವಾದ್ದರಿಂದ ಆ್ಯಂಟಿಬಯಾಟಿಕ್ ಅದನ್ನು ಗುಣಪಡಿಸದು. ಎ ಜೀವಸತ್ವದ ಕೊರತೆಯಲ್ಲಿ ರೆಪ್ಪೆಯಡಿ ಬಿಳಿಯ ಗಟ್ಟಿ ಪದಾರ್ಥ ಕೂಡಿಕೊಳ್ಳುತ್ತದೆ. ಗೂಡಿನೊಳಗೆ ಬಗ್ಗಿದೊಡನೆ ನಿಮ್ಮ ಕಣ್ಣೇ ಉರಿದರೆ, ಒದ್ದೆ ಹಿಕ್ಕೆಯಿಂದೇಳುವ ಅಮೋನಿಯಾವನ್ನೂ ಅನುಮಾನಿಸಿ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಕೋಳಿಯನ್ನು ಬೇರೆಯಿರಿಸಿ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ, ಅದರಲ್ಲಿ ಅದ್ದಿದ ಹತ್ತಿಯನ್ನು ಕಣ್ಣಿನ ಮೇಲಿಟ್ಟು, ಅಂಟಿದ ಪಿಸುರು ತಾನಾಗಿ ಮೆತ್ತಗಾದ ಮೇಲೆ ಮೃದುವಾಗಿ ಒರೆಸಿ. ಮನುಷ್ಯರ ಸ್ಟೀರಾಯ್ಡ್ ಹನಿಗಳನ್ನು ದಯವಿಟ್ಟು ಬಿಡಬೇಡಿ, ಕಣ್ಣಿನಲ್ಲಿ ಹುಣ್ಣಿದ್ದರೆ ಅವು ಅದನ್ನು ಉಲ್ಬಣಿಸುತ್ತವೆ. ಉಸಿರಿಗೆ ಒದ್ದಾಟ, ಕತ್ತು ತಿರುಚುವಿಕೆ ಅಥವಾ ಹಸಿರು ಭೇದಿ ಕಂಡರೆ ಕೊಕ್ಕರೆ ರೋಗ (ರಾಣಿಖೇತ್ ಎಂಬ ವೈರಸ್ ರೋಗ) ಇರಬಹುದು. ಕರ್ನಾಟಕದಲ್ಲಿರುವವರು ತಡಮಾಡದೆ ಪಶುವೈದ್ಯರನ್ನೋ 1962 ಸಹಾಯವಾಣಿಯನ್ನೋ ಸಂಪರ್ಕಿಸಬೇಕು.